ಪರದೆಯ ಮೇಲೆ ಎರಡನೆಯ ಬೆಟ್ಟ

ನಾವಿಬ್ಬರೂ ಸೇರಿ ಕಾರ್ಯಕ್ರಮ ಮಾಡಿದ್ದು ಎರಡು ವರ್ಷವೋ ಮೂರೋ, ನನಗೆ ಖಾತ್ರಿಯಿಲ್ಲ. ಐವತ್ತರ ದಶಕದ ಕೊನೆ ಎಂಬುದಷ್ಟೇ ಖಂಡಿತ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮಧುಗಿರಿಗೆ ಬಂದು, ಒಂದು ಕಡೆ ಕೂರಲಾಗದೆ ತಿರುಗುತ್ತಿದ್ದೆ. ಗೆಳೆಯ ಶಿರಾದವನು, ತಗಡಿನ ಟ್ರಂಕುಗಳ ಮೇಲೆ ಹೂಬಳ್ಳಿ ಬರೆಯುವವನು. ಚಿತ್ರ, ಹಾಡು, ನಾಟಕ ಮೂರನ್ನೂ ಒಂದೇ ಮಧ್ಯಾಹ್ನ ಒಂದೇ ಕಡೆ ತೋರಿಸಬೇಕೆಂಬುದು ನಮ್ಮ ಹುಚ್ಚು. ಸಂಘವಿಲ್ಲ, ಅಧ್ಯಕ್ಷರಿಲ್ಲ; ಹಾಗಾಗಿ ಭಾಷಣವೂ ಇಲ್ಲ. ಜನ ಬರುತ್ತಿದ್ದುದು ಬಹುಶಃ ಅದಕ್ಕೇ.

ಗೋಡೆಯಗಲದ ಪರದೆಯ ಮೇಲೆ ಅವನು ಬೆಟ್ಟವೊಂದನ್ನು ಬರೆದಿದ್ದ. ಅದರ ಮುಂದೆ ನಾನು ಬರೆದ ನಾಟಕ, ನಡುನಡುವೆ ತತ್ವಪದ. ಅವನದು ಒಂದೇ ಷರತ್ತು.

"ನನ್ನ ಪರದೆ ಮ್ಯಾಲೆ ಇನ್ನೊಬ್ಬರ ಕೈ ಬೀಳಬಾರದು, ಬಿ.ಎ. ಸಾಹೇಬ್ರೆ. ಬಿದ್ದ ದಿನ ನಮ್ಮ ಜೋಡಿ ಖತಂ."

ಮಧುಗಿರಿಯಲ್ಲಿ ಪರದೆ ಬಿಚ್ಚಿದ ಕೂಡಲೇ ಚಪ್ಪಾಳೆ. ಕೊರಟಗೆರೆಯಲ್ಲೂ ತಕರಾರಿಲ್ಲ. ಪಾವಗಡದ ಶಾಲೆಯಂಗಳದಲ್ಲಿ ಮಾತ್ರ, ಮುಂದೆ ಕೂತಿದ್ದ ರುಮಾಲಿನ ಮುದುಕರೊಬ್ಬರು ಎದ್ದರು.

"ಇದು ಮಧುಗಿರಿ ಬೆಟ್ಟ ಕಣಪ್ಪಾ. ಮಾ ಕೊಂಡ ಎಲ್ಲಿ? ನಮ್ಮ ಪಾವಗಡದ ಬೆಟ್ಟ?"

"ತಾತಾ, ಇದು ಯಾವ ಊರಿನದೂ ಅಲ್ಲ. ಬರೀ ಬೆಟ್ಟ," ಎಂದೆ. ಕಾಲೇಜಿನಲ್ಲಿ ಕಲಿತ ವಾದ.

"ಯಾವೂರಿಂದೂ ಅಲ್ದಿರೋ ಬೆಟ್ಟ ಎಲ್ಲೈತೆ ಹೇಳು. ನಾನೂ ನೋಡ್ಕಂಡು ಬತ್ತೀನಿ."

ಜನ ನಕ್ಕರು. ನಕ್ಕವರು ಏಳತೊಡಗಿದರು. ಗೆಳೆಯ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋಗಿದ್ದ. ಬಸ್ಸಿನಲ್ಲಿ ಉಜ್ಜಿಹೋದ ಕಡೆ ತಿದ್ದಲು ಅವನು ಕಲಸಿಟ್ಟ ಬಣ್ಣ ಅಲ್ಲೇ ಇತ್ತು. ನಾನು ಕುಂಚವನ್ನು ತಾತನ ಕೈಗೆ ಕೊಟ್ಟುಬಿಟ್ಟೆ.

ತಾತ ಎಡಮೂಲೆಯಲ್ಲಿ ಬೆಟ್ಟ ಎಬ್ಬಿಸಿದರು. "ಕೋಟೆ ಬಾಗಿಲು ಕೆಳಗೆ, ಇಂಕ ಕೊಂಚೆಂ ಕಿಂದಕಿ" ಎಂದು, ಇನ್ನೂ ಕೊಂಚ ಕೆಳಕ್ಕೆ ಇಳಿಸಿ ಎಂದು, ಕನ್ನಡ ತೆಲುಗು ಬೆರೆಸಿ ಹಿಂದಿನಿಂದ ಸಲಹೆಗಳು. ತತ್ವಪದದವರು ಕಾಯಲಾರದೆ ಹಾಡು ಶುರುಮಾಡಿದರು. ಎದ್ದವರೆಲ್ಲ ಕೂತರು. ಆಗ ಗೆಳೆಯ ಬಂದು ನನ್ನ ಪಕ್ಕ ನಿಂತ. ಜೋಡಿ ಮುರಿಯಿತು ಎಂದುಕೊಂಡೆ.

"ಅದು ಬೆಟ್ಟಾನಾ, ಬೋರಲು ಹಾಕಿದ ಮಡಕೆನಾ?" ಎಂದ.

"ನೀನು ಹತ್ತಿದ್ದೀಯೇನಪ್ಪ?" ಎಂದರು ತಾತ, ತಿರುಗದೆ.

"ಇಲ್ಲ."

"ಮತ್ತೆ ಸುಮ್ಕಿರು."

ಅವನು ನಾಟಕ ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ.

ಇದು ನನ್ನ ನೆನಪು. ಅವನನ್ನು ಕೇಳಿದರೆ, ಕುಂಚ ಕೊಟ್ಟವನು ತಾನು, ಚಹಾಕ್ಕೆ ಹೋದವನು ನಾನು ಎನ್ನುತ್ತಾನೆ. ಆ ಚಹಾದ ಹೊಗೆವಾಸನೆ ಇಬ್ಬರಿಗೂ ನೆನಪಿದೆ, ಹಾಗಾಗಿ ಸಾಕ್ಷ್ಯದಿಂದ ಏನೂ ತೀರ್ಮಾನವಾಗುವುದಿಲ್ಲ. ಆದರೆ ಸಂಜೆ ನಡೆದದ್ದರ ಬಗ್ಗೆ ನಮ್ಮಲ್ಲಿ ಜಗಳವಿಲ್ಲ.

ಮಧುಗಿರಿಯ ಕೊನೆಯ ಬಸ್ಸು ಹೊರಟು ನಿಂತಿತ್ತು. ನಟರೆಲ್ಲ ಹತ್ತಿ ಕೂತಿದ್ದರು. ನಾನು ಪರದೆ ಸುತ್ತಲು ಬಗ್ಗಿದೆ. ಅವನು ನನ್ನ ಕೈ ಹಿಡಿದ.

"ಹಸಿ ಐತೆ. ಈಗ ಸುತ್ತಿದ್ರೆ ತಾತನ ಬೆಟ್ಟ ಅಳಿಸೋಯ್ತದೆ."

"ಬಸ್ಸು?"

"ಹೋಗ್ಲಿ ಬುಡು. ಆ ಕಡೆ ಹಿಡ್ಕೋ."

ಕಂಡಕ್ಟರ್ ಎರಡು ಸಲ ಶಿಳ್ಳೆ ಹಾಕಿದ. ನಾವು ಪರದೆಯ ಎರಡು ತುದಿ ಹಿಡಿದು ಗಾಳಿಗೆ ಒಡ್ಡಿ ನಿಂತಿದ್ದೆವು.