ನವ್‌ಬಹೋರ್ ಬೀದಿ ಎಲ್ಲಿದೆ?

ತಾಷ್ಕೆಂಟಿನಲ್ಲಿ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ ಎರ್ಗಶ್‌ಗೆ ಒಂದು ಬೀದಿಯ ಹೆಸರೂ ಗೊತ್ತಿರಲಿಲ್ಲ. ಹೆಸರುಗಳು ಪದೇ ಪದೇ ಬದಲಾಗುತ್ತಿದ್ದುದರಿಂದ ಕಲಿಯುವುದನ್ನೇ ಬಿಟ್ಟಿದ್ದ. ಊರಿನವರು, ಕೆಡವಿ ಹತ್ತು ವರ್ಷವಾದ ರೊಟ್ಟಿ ಕಾರ್ಖಾನೆಯ ಹತ್ತಿರ ಇಳಿಸು ಎನ್ನುತ್ತಿದ್ದರು. ಅವನು ಸರಿಯಾಗಿ ಅಲ್ಲೇ ಇಳಿಸುತ್ತಿದ್ದ.

ಒಂದು ಮಧ್ಯಾಹ್ನ ಟೈ ಕಟ್ಟಿದ ಅಧಿಕಾರಿಯೊಬ್ಬರು ಹತ್ತಿ, "ನವ್‌ಬಹೋರ್ ಬೀದಿಗೆ ನಡೀರಿ" ಎಂದರು.

"ಅದೆಲ್ಲಿ ಬರುತ್ತೆ ಸ್ವಾಮಿ?"

"ಟ್ಯಾಕ್ಸಿ ಓಡಿಸ್ತೀರಿ, ಅಷ್ಟೂ ಗೊತ್ತಿಲ್ವಾ? ಆ ಹೆಸರಿಟ್ಟ ಸಮಿತೀಲಿ ನಾನೇ ಇದ್ದೆ!"

"ಹಾಗಾದ್ರೆ ದಾರಿ ನೀವೇ ಹೇಳಿ."

ಅಧಿಕಾರಿ ಒಮ್ಮೆ ಎಡಕ್ಕೆ ಎಂದರು, ಒಮ್ಮೆ ಬಲಕ್ಕೆ ಎಂದರು. ಅದೇ ಕಲ್ಲಂಗಡಿ ಅಂಗಡಿಯನ್ನು ಮೂರನೆಯ ಸಲ ದಾಟಿದಾಗ, ಬೆವರು ಒರೆಸಿಕೊಂಡು, ಹೊಸ ಮನೆಗೆ ಊಟಕ್ಕೆ ಕರೆದಿದ್ದ ಅಕ್ಕನಿಗೆ ಫೋನ್ ಮಾಡಿದರು.

ಅಕ್ಕನ ಕೂಗು ಎರ್ಗಶ್‌ಗೂ ಕೇಳಿಸಿತು. "ಯಾವ ನವ್‌ಬಹೋರೋ? ಹಳೇ ಹಮಾಮಿನ ಹಿಂದೆ ಅಂತ ಹೇಳ್ಬಾರ್ದಾ? ಪಲಾವ್ ಆರಿಹೋಗ್ತಿದೆ!"

"ಹಳೇ ಹಮಾಮಾ? ಆ ಊರ ಸ್ನಾನದ ಮನೆ ತಾನೆ?" ಎಂದ ಎರ್ಗಶ್, ನಾಲ್ಕೇ ನಿಮಿಷದಲ್ಲಿ ಮನೆಬಾಗಿಲಿಗೆ ತಂದು ನಿಲ್ಲಿಸಿದ.

ಇಳಿದ ಅಧಿಕಾರಿ ಆಚೀಚೆ ನೋಡಿ, ಕಿಟಕಿಗೆ ಬಗ್ಗಿ ಮೆಲ್ಲಗೆ ಕೇಳಿದರು: "ಅಣ್ಣ, ನಾಳೆ ಬೆಳಿಗ್ಗೆ ನನ್ನನ್ನ ಕಚೇರಿಗೆ ಬಿಡ್ತೀರಾ? ಅದನ್ನ ಯಾವುದೋ ಹೊಸ ಹೆಸರಿನ ಬೀದಿಗೆ ಸಾಗಿಸಿದಾರಂತೆ."