ಮೀನಿಗೆ ತರಿಸಿದ ಶೇಂಗಾ ಹಿಂಡಿ

ಇದನ್ನು ನನ್ನ ಹೆಂಡತಿ ಇದ್ದಾಗ ಬರೆಯುವಂತಿರಲಿಲ್ಲ. ಅವಳಿಗೆ ಕನ್ನಡ ಓದಲು ಬರುತ್ತಿತ್ತು. ನಾನು ಬರೆದ ಚೀಟಿಯಾಗಲಿ, ಪತ್ರವಾಗಲಿ, ಸಂತೆಯ ಪಟ್ಟಿಯಾಗಲಿ, ಓದದೆ ಬಿಡುತ್ತಿರಲಿಲ್ಲ. ಅವಳು ಹೋಗಿ ನಾಲ್ಕು ತಿಂಗಳಾಯಿತು. ಈಗ ಏನು ಬರೆದರೂ ಓದುವವರಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ವಿಷಯ ಮಾತ್ರ ಅಳುವಂಥದ್ದಲ್ಲ.

ನಾನು ಆಗ ಸಿಂಧನೂರಿನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ರೈತರು ತಂದ ಶೇಂಗಾ ತೂಗಿಸುವುದು, ಚೀಲ ಬರೆದುಕೊಳ್ಳುವುದು, ಕಾಯಿ ಒಡೆದು ಮೂಸಿ ಮುಗ್ಗು ಬಂದಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಅಂಗಿಯ ಕಿಸೆಯಲ್ಲಿ ಶೇಂಗಾ ಸಿಪ್ಪೆ, ತಲೆಗೂದಲಲ್ಲಿ ಶೇಂಗಾ ಧೂಳು. ಓದಿದ್ದು ಉರ್ದು ಶಾಲೆಯಲ್ಲಿ, ಏಳನೆಯ ಜಮಾತಿನವರೆಗೆ. ಇಂಗ್ಲಿಷಿನ ಒಂದಕ್ಷರವೂ ಬಾರದು. ಮುಂದೆ ಆದ ಅನಾಹುತಕ್ಕೆ ಈ ಎರಡೇ ಕಾರಣ, ತಲೆಯ ತುಂಬ ಶೇಂಗಾ ಮತ್ತು ಅರ್ಧಮರ್ಧ ಉರ್ದು.

ನಿಜಾಮರ ರಾಜ್ಯ ಹೋದ ಮರುವರ್ಷ ಲಿಂಗಸುಗೂರಿನ ಬಂಗಲೆಗಳಲ್ಲಿದ್ದ ಎಷ್ಟೋ ಅಧಿಕಾರಿಗಳು ಸಾಮಾನು ಮಾರಿ ಹೈದರಾಬಾದಿಗೆ ಹೊರಟರು. ನಮ್ಮ ಸಾವ್ಕಾರರು ಒಂದು ಕಪಾಟು ಕೊಳ್ಳಲು ಹೋದಾಗ ನನ್ನನ್ನೂ ಕರೆದೊಯ್ದರು. ಅಲ್ಲಿ ವರಾಂಡದಲ್ಲಿ ಒಂದು ಗಾಜಿನ ಭರಣಿಯಲ್ಲಿ ನಾಲ್ಕು ಬಂಗಾರದ ಬಣ್ಣದ ಮೀನು. ಬಾಲವೆಂದರೆ ಮದುಮಗಳ ಸೆರಗು. ಎರಡಕ್ಕೆ ಕಣ್ಣು ಹೊರಗೆ ಬಂದು, ಸಾಲ ಕೇಳಲು ಬಂದವರ ಹಾಗೆ ನೋಡುತ್ತಿದ್ದವು. ನಾನು ನಿಂತಲ್ಲೇ ನಿಂತೆ. ಆ ಮನೆಯ ಅಡುಗೆಯವನು ಮೀನನ್ನು ಹೈದರಾಬಾದಿನವರೆಗೆ ಯಾರು ಹೊರುತ್ತಾರೆಂದು ಭರಣಿಯನ್ನು ನನ್ನ ಕೈಗಿಟ್ಟ. ಒಂದು ಚೀಟಿಯಲ್ಲಿ ಮೀನಿನ ಆಹಾರ ಸಿಗುವ ಹೈದರಾಬಾದಿನ ಅಂಗಡಿಯ ವಿಳಾಸವನ್ನೂ ಉರ್ದುವಿನಲ್ಲಿ ಬರೆದುಕೊಟ್ಟ. ಒಳ್ಳೆಯ ಖುರಾಕು ಹಾಕಿದರೆ ಮೊಟ್ಟೆ ಇಡುತ್ತವೆ, ಮರಿಯಾಗುತ್ತವೆ ಎಂದ. ಆ ಮರಿಯ ಮಾತೇ ನನ್ನ ತಲೆಯಲ್ಲಿ ಕುಳಿತದ್ದು.

ಬಸ್ಸಿನಲ್ಲಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮಸ್ಕಿ ಮುಟ್ಟುವ ಹೊತ್ತಿಗೆ ಅರ್ಧ ನೀರು ನನ್ನ ಧೋತರದಲ್ಲಿತ್ತು. ಚಹಾದ ಅಂಗಡಿಯಲ್ಲಿ ನೀರು ಕೇಳಿದೆ. ಸುತ್ತ ಹತ್ತು ಮಂದಿ ಕೂಡಿದರು.

"ಏನ್ರಿ ಅದು, ಔಷಧನ?"

"ಮೀನರಿ."

"ಮೀನು ಗೊತ್ತಾತು. ಯಾವ ರೋಗಕ್ಕ?"

ಇನ್ನೊಬ್ಬ ನನ್ನ ಹಣೆಯ ವಿಭೂತಿ ನೋಡಿ, ಆಮೇಲೆ ಭರಣಿ ನೋಡಿ, "ಅಲ್ರಿ ಯಜಮಾನ್ರ, ಹಣಿ ಮ್ಯಾಲ ಅದು, ತೊಡಿ ಮ್ಯಾಲ ಇದು. ಎರಡರಾಗ ಒಂದು ನಿಮ್ದಲ್ಲ ಬಿಡ್ರಿ" ಅಂದ. ಎಲ್ಲರೂ ನಕ್ಕರು. ಬಸ್ಸು ಹೊರಟಿತು.

ಲಿಂಗ ಕಟ್ಟಿದವರ ಮನೆಗೆ ಮೀನು ಬರುವುದೆಂದರೆ ಸಣ್ಣ ಮಾತಲ್ಲ. ಹೆಂಡತಿ ಹೊಸ್ತಿಲಲ್ಲೇ ತಡೆದಳು. ಮದುವೆಯಾಗಿ ಒಂದು ವರ್ಷ ಆಗಿತ್ತು, ಅಷ್ಟರಲ್ಲೇ ಹೊಸ್ತಿಲು ಅವಳದಾಗಿತ್ತು.

"ತಿನ್ನಾಕ ಅಲ್ಲ, ನೋಡಾಕ" ಅಂದೆ.

"ನೋಡಿ ನೋಡಿ ಏನ್ಮಾಡ್ತೀರಿ?"

"ಮರಿ ಮಾಡಸ್ತೀನಿ."

"ಮರಿ ನೋಡಿ?"

ಹಿತ್ತಲಲ್ಲಿ ದನಗಳಿಗೆ ನೀರು ಕುಡಿಸುವ ಹಳೆಯ ಕಲ್ಲಿನ ಬಾನಿ ಇತ್ತು. ದನ ಇರಲಿಲ್ಲ. ಮೀನು ಅಲ್ಲಿರಬಹುದು, ಅಡುಗೆಮನೆಯ ಕಡೆಗೆ ಮುಖ ಹಾಕಕೂಡದು ಎಂದು ತೀರ್ಮಾನವಾಯಿತು. ಮೀನಿಗೆ ಯಾವ ಕಡೆ ಮುಖ ಹಾಕಬೇಕೆಂದು ಹೇಳುವುದು ಹೇಗೆ ಎಂದು ನಾನು ಕೇಳಲಿಲ್ಲ.

ಮೊದಲು ನಾನು ಕಂಡದ್ದೆಲ್ಲ ಹಾಕಿದೆ, ಚುರುಮುರಿ, ರೊಟ್ಟಿಯ ಚೂರು, ಅನ್ನದ ಅಗುಳು. ಹಾಕಿದಷ್ಟೂ ತಿಂದವು. ಒಂದು ದಿನ ನೋಡಿದರೆ ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ, ಕಣ್ಣು ಮಾತ್ರ ಪಿಳಿಪಿಳಿ. ನಾನು ಗಾಬರಿಯಾಗಿ ಕೂಗಿದೆ. ಅವಳು ಬಂದು ಬಗ್ಗಿ ನೋಡಿದಳು.

"ಉಂಡು ಉಂಡು ಉರುಳ್ಯಾವ. ಸೋಮವಾರ ಒಪ್ಪತ್ತು ಮಾಡ್ರಿ ಅಂದ್ರ ನೀವೂ ಕೇಳಂಗಿಲ್ಲ, ಇವೂ ಕೇಳಂಗಿಲ್ಲ. ಈ ಮನಿಯಾಗ ಇದ್ದ ಮ್ಯಾಲ ಇನ್ನ ಸೋಮವಾರ ಇವಕ್ಕ ಕೂಳಿಲ್ಲ."

ಆ ಸೋಮವಾರ ಅವಳ ಜೊತೆ ನಾಲ್ಕು ಮೀನೂ ಉಪವಾಸ ಮಾಡಿದವು. ಮಂಗಳವಾರ ಬೆಳಿಗ್ಗೆ ಎಲ್ಲವೂ ನೆಟ್ಟಗೆ ಈಜುತ್ತಿದ್ದವು. ಅಂದಿನಿಂದ ಓಣಿಯವರಿಗೆಲ್ಲ ಅವಳು, "ನಮ್ಮವು ಸೋಮವಾರ ಹಿಡೀತಾವ" ಎಂದು ಹೇಳತೊಡಗಿದಳು. ಇವರು ಮೀನು ತಿನ್ನುತ್ತಾರೋ ಏನೋ ಎಂದು ಗುಸುಗುಸು ಮಾಡುತ್ತಿದ್ದವರು ಇದನ್ನು ಕೇಳಿ ಸುಮ್ಮನಾದರು.

ಆದರೆ ಮೊಟ್ಟೆ ಇಡಲಿಲ್ಲ. ಖುರಾಕು ಸಾಲದು ಎಂದು ನನಗೆ ಅನಿಸಿತು. ಹೈದರಾಬಾದಿಗೆ ಬರೆದೆ. ಒಂದು ಡಬ್ಬಿ ಬಂತು, ಅದರ ಮೇಲೆಲ್ಲ ಇಂಗ್ಲಿಷ್. ಮಾಲು ಮುಂಬಯಿಯದು, ಆದ್ದರಿಂದ ನಮ್ಮ ನಿಜಾಮರ ಹಾಲಿ ಸಿಕ್ಕಾ ನಡೆಯುವುದಿಲ್ಲ, ಇಂಡಿಯಾ ಸರ್ಕಾರದ ಕಲ್ದಾರ ರೂಪಾಯಿಯೇ ಬೇಕು ಎಂದು ಚೀಟಿ. ಎರಡು ರೂಪಾಯಿ ಕಲ್ದಾರ, ಮೇಲೆ ಟಪಾಲು ಖರ್ಚು. ಅಷ್ಟು ದುಡ್ಡಿಗೆ ನಮ್ಮಿಬ್ಬರಿಗೆ ಎಷ್ಟೋ ದಿನದ ಜೋಳ ಬರುತ್ತಿತ್ತು. ಹೆಂಡತಿ ಡಬ್ಬಿಯನ್ನು ಹೊರಗೇ ಇಡಿಸಿದಳು.

"ಒಳಗ ಏನೈತಿ ಅಂತ ಗೊತ್ತಾಗೂತನ ಇದು ಹೊಸ್ತಿಲ ದಾಟಂಗಿಲ್ಲ."

ಮತ್ತೆ ಬರೆದು ಕೇಳಿದೆ. ಉತ್ತರ ಬಂತು, ಅವಸರದ ಕೈಬರಹದ ಉರ್ದು, ಚುಕ್ಕೆಗಳು ಎಲ್ಲೆಂದರಲ್ಲಿ. ಎರಡು ಸಲ ಓದಿ ನಾನು ಜೋರಾಗಿ ಹೇಳಿದೆ. "ಒಣಾ ಶೇಂಗಾದ ಪುಡಿಯಂತ."

"ಶೇಂಗಾ?"

"ಶೇಂಗಾ."

"ಹೈದರಾಬಾದದಿಂದ? ಸಿಂಧನೂರಿಗೆ? ಕಲ್ದಾರ ಕೊಟ್ಟು?" ಅವಳು ಕೆಳಗೆ ಕುಳಿತೇಬಿಟ್ಟಳು. "ನಿಮ್ಮ ಅಂಗಡಿಯಾಗ ಇಲಿಗೋಳು ಸೈತ ಶೇಂಗಾ ಸಾಕಾಗಿ ಬಿಟ್ಟಾವ. ನೀವು ಟಪಾಲಿನಾಗ ತರಸ್ತೀರಿ!"

ಮುಂಬಯಿಯಲ್ಲಿ ಅದನ್ನು ಯಂತ್ರದಲ್ಲಿ ಹದ ಮಾಡುತ್ತಾರೆ, ಆ ಶೇಂಗಾ ಬೇರೆ, ಈ ಶೇಂಗಾ ಬೇರೆ ಎಂದು ಏನೇನೋ ಹೇಳಿದೆ. ಡಬ್ಬಿ ತೆಗೆದು ಮೂಸಿದೆ. ವಿಚಿತ್ರ ವಾಸನೆ. ನನ್ನ ಕಸುಬಿನ ಗತ್ತಿನಲ್ಲಿ, "ಸ್ವಲ್ಪ ಮುಗ್ಗು ಬಂದೈತಿ" ಎಂದು ತೀರ್ಪು ಕೊಟ್ಟೆ. ಶೇಂಗಾ ಎಂದು ತಿಳಿದ ಮೇಲೆ ಡಬ್ಬಿಗೆ ಒಳಗೆ ಜಾಗ ಸಿಕ್ಕಿತು.

ಮುಂದಿನ ಮೂರು ವಾರ ನಾನು ದಿನಾ ಬೆಳಿಗ್ಗೆ ಆ ಡಬ್ಬಿಯಿಂದ ಒಂದೊಂದು ಚಿಟಿಕೆ ಮೀನಿಗೆ ಹಾಕಿದೆ. ಮೀನು ಮಿಂಚತೊಡಗಿದವು. ನೋಡಲು ಬಂದವರಿಗೆಲ್ಲ ಡಬ್ಬಿ ತೋರಿಸಿ ಮುಂಬಯಿ ಯಂತ್ರದ ಬಗ್ಗೆ ಹೇಳಿದೆ. ಅದೇ ಮೂರು ವಾರ ನನ್ನ ರೊಟ್ಟಿಯ ಜೊತೆ ಒಂದು ಹೊಸ ಹಿಂಡಿ ಬರುತ್ತಿತ್ತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಹುರಿದು ಕುಟ್ಟಿದ್ದು. ಅಂಥ ರುಚಿಯ ಚಟ್ನಿಪುಡಿ ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಕೇಳಿ ಹಾಕಿಸಿಕೊಂಡು ತಿಂದೆ.

ನಮ್ಮ ಅಂಗಡಿಯ ಎದುರು ಒಬ್ಬ ದರ್ಜಿ ಇದ್ದ. ವಯಸ್ಸಾದ ಮುಸಲ್ಮಾನ. ಹರೆಯದಲ್ಲಿ ಮುಂಬಯಿಯಲ್ಲಿ ನಾಲ್ಕು ವರ್ಷ ಹೊಲಿಗೆ ಕೆಲಸ ಮಾಡಿ ಬಂದಿದ್ದ. ಎರಡನೆಯ ಡಬ್ಬಿಗೆ ಬರೆಯುವ ದಿನ ನಾನು ಅವನೆದುರು ಕೊಚ್ಚಿಕೊಂಡೆ, "ಚಾಚಾ, ನಮ್ಮ ಶೇಂಗಾ ನಮಗ ಕಲ್ದಾರಕ್ಕ ಮಾರತಾರ ನೋಡು ಹೈದರಾಬಾದ ಮಂದಿ" ಎಂದೆ. ಅವನು ನನ್ನ ಕೈಯಲ್ಲಿದ್ದ ಆ ಅಂಗಡಿಯ ಕಾಗದ ಇಸಿದುಕೊಂಡು ಕನ್ನಡಕ ಏರಿಸಿದ. ಓದಿದ. ನನ್ನ ಮುಖ ನೋಡಿದ.

"ಗುಮಾಸ್ತರ, ನಿಮಗ ಉರ್ದು ಕಲಿಸಿದ ಮಾಸ್ತರ ಇನ್ನ ಜೀವಂತ ಅದಾರೇನು?"

"ಯಾಕ?"

"ಇದು ಶೇಂಗಾ ಅಲ್ರಿ. ಝೀಂಗಾ."

"ಅಂದ್ರ?"

"ಸಿಗಡಿ. ಸಮುದ್ರದಾಗ ಇರ್ತೈತಿ. ಇಷ್ಟುದ್ದ. ಮೀಸಿ ಇರ್ತಾವ, ಕಾಲು ಇರ್ತಾವ. ಶೇಂಗಾಕ್ಕ ಎಂದರ ಮೀಸಿ ನೋಡೀರೇನು?" ಅವನು ನಕ್ಕು ನಕ್ಕು ಹೊಲಿಗೆಯ ಯಂತ್ರದ ಮೇಲೆ ಬಿದ್ದ. ಆಮೇಲೆ ಕಣ್ಣು ಮುಚ್ಚಿ ಮುಂಬಯಿಯನ್ನು ನೆನೆಸಿಕೊಂಡ. "ಒಣಗಿಸಿದ ಝೀಂಗಾ, ಬಳ್ಳೊಳ್ಳಿ, ಕೆಂಪು ಮೆಣಸಿನಕಾಯಿ, ಹುರದು ಕುಟ್ಟಿ ರೊಟ್ಟಿ ಕೂಡ ತಿಂದ್ರ... ವಾಹ್! ಮುಂಜಾನೆ ತಿಂದ್ರ ಸಂಜಿತನ ಬಾಯಾಗ ಅದ ಘಮ."

ನನ್ನ ಬಾಯಲ್ಲಿ ಆಗಲೂ ಅದೇ ಘಮ ಇತ್ತು.

ಅಂದು ನಮ್ಮ ಮನೆಗೆ ಮಠದ ಅಯ್ಯನವರು ಪ್ರಸಾದಕ್ಕೆ ಬರುವವರಿದ್ದರು. ನಾನು ಚಪ್ಪಲಿ ಬಿಟ್ಟು ಓಡಿದೆ.

ಅಯ್ಯನವರು ಆಗಲೇ ಕುಳಿತಿದ್ದರು. ತಾಟಿನಲ್ಲಿ ರೊಟ್ಟಿ, ಪಲ್ಯ, ಮೊಸರು, ಒಂದು ಮೂಲೆಯಲ್ಲಿ ಕೆಂಪಗೆ ಹಿಂಡಿಯ ಗುಡ್ಡೆ. ಕೈ ಅದರ ಹತ್ತಿರವೇ ಇತ್ತು.

"ಯಾಕ ತಮ್ಮಾ, ನಾಯಿ ಬೆನ್ನ ಹತ್ತ್ಯಾವೇನು?" ಎಂದರು.

ನಾನು ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಕೇಳಿದೆ. "ಆ ಹಿಂಡಿ ಯಾವುದು?"

"ಶೇಂಗಾದ್ದು."

"ಯಾವ ಶೇಂಗಾದ್ದು?"

"ನೀವ ಅಂಗಡಿಯಿಂದ ತಂದದ್ದು. ಇನ್ಯಾವ ಶೇಂಗಾ?"

"ಡಬ್ಬಿದಲ್ಲಾ?"

ಅವಳು ತಲೆ ತಗ್ಗಿಸಿದಳು. ಸಿಕ್ಕಿಬಿದ್ದವರ ನಗು. "ಗೊತ್ತಾತೇನು? ಬೈಬ್ಯಾಡ್ರಿ. ಕಲ್ದಾರದ ಶೇಂಗಾ ಮೀನಿಗ ಹಾಕಿ, ದಿನಾ ದುಡಿದು ಬರೂ ಗಂಡಸಿಗೆ ಸಾದಾ ಹಿಂಡಿ ಹಾಕಾಕ ನನಗ ಮನಸ ಬರಲಿಲ್ಲ. ಡಬ್ಬಿಯೊಳಗ ಗಾಣದ ಹಿಂಡಿ ಕುಟ್ಟಿ ತುಂಬೀನಿ. ಅದನ್ನ ತಿಂದ ಅವು ಮಿಂಚಾಕತ್ಯಾವ. ನಿಮ್ಮದು ಬ್ಯಾರೆ ಗಡಿಗ್ಯಾಗ ಐತಿ."

ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ, ಎಮ್ಮೆಗೆ ಹಾಕುವ ಹಿಂಡಿಯನ್ನು ಮೀನು ತಿಂದಿದ್ದವು. ಮೀನಿನದನ್ನು ನಾನು ತಿಂದಿದ್ದೆ.

"ನೀ ತಿಂದಿಯೇನು ಅದನ್ನ?" ನಾನು ಗಡಿಬಿಡಿಯಲ್ಲಿ ಕೇಳಿದ್ದನ್ನು ಅವಳು ಸಿಟ್ಟು ಎಂದುಕೊಂಡಳು.

"ನನಗ್ಯಾಕ ಅಷ್ಟು ತುಟ್ಟಿದು? ಉಪ್ಪು ಸೈತ ನೋಡಿಲ್ಲ. ಅಯ್ಯನವರಿಗೆ ಹಾಕೂನಂದ್ರ ತಳದಾಗ ಎರಡು ಚಮಚ ಉಳಿದಿತ್ತು. ನಿಮಗ ಇರಲಿ ಅಂತ ತಗದಿಟ್ಟೆ."

ಬಾಗಿಲಿಗೆ ಒರಗಿ ನಿಂತೆ. ಅವಳು ಒಂದು ದಿನವೂ ಪೂಜೆ ಮಾಡದೆ ನೀರು ಕುಡಿದವಳಲ್ಲ. ತನ್ನ ಕೈಯಿಂದ ಏನನ್ನು ಹುರಿದು ಕುಟ್ಟಿದೆ ಎಂದು ತಿಳಿದರೆ ಎಷ್ಟು ದಿನ ಅನ್ನ ಬಿಡುತ್ತಾಳೋ, ಬಿಟ್ಟರೆ ಮತ್ತೆ ಮುಟ್ಟುತ್ತಾಳೋ ಇಲ್ಲವೋ. ಹೇಳಬಾರದು ಎಂದು ಆಗಲೇ ನಿಶ್ಚಯಿಸಿದೆ.

ಅಯ್ಯನವರು ಉಂಡು ಎದ್ದು ಹೊರಗೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತರು. ನನಗೆ ತಾಟು ಬಂತು. ಮೂಲೆಯಲ್ಲಿ ಆ ಎರಡು ಚಮಚ.

"ನನಗ ಹೊಟ್ಟಿ ಸರಿಯಿಲ್ಲ. ಹಿಂಡಿ ಒಲ್ಲೆ" ಅಂದೆ.

"ಅಯ್ಯ, ಚೆಲ್ಲಾಕ ಬರ್ತೈತೇನು ಅಂಥಾದ್ದು? ಹಂಗಾರ ನಾನ ತಿಂತೀನಿ, ತರ್ರಿ. ಎಂಥಾ ರುಚಿ ಐತಿ ನೋಡೇ ಬಿಡೂನು." ಅವಳ ಕೈ ತಾಟಿಗೆ ಬಂತು.

ನಾನು ತಾಟು ಎಳೆದುಕೊಂಡು ಎರಡೂ ಚಮಚ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡೆ. ರೊಟ್ಟಿಯೂ ಇಲ್ಲದೆ. ಕಣ್ಣಲ್ಲಿ ನೀರು ಬಂತು.

"ಆಸಿಬುರುಕ!" ಎಂದಳು ಅವಳು. ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಅದರಾಗಿನ ಒಂದು ಚಿಟಿಕಿ ಕೊಟ್ಟಿದ್ರ ಏನಾಗ್ತಿತ್ತು?"

ಸಂಜೆ ಅಯ್ಯನವರನ್ನು ಊರ ಹೊರಗಿನವರೆಗೆ ಕಳಿಸಲು ಹೋದೆ. ದಾರಿಯಲ್ಲಿ, ನನ್ನ ಗೆಳೆಯನೊಬ್ಬ ಗೊತ್ತಿಲ್ಲದೆ ಮೂರು ವಾರ ತಿನ್ನಬಾರದ್ದನ್ನು ತಿಂದಿದ್ದಾನೆ, ಏನು ಮಾಡಬೇಕು ಎಂದು ಕೇಳಿದೆ.

"ರುಚಿ ಇತ್ತಂತೇನು?"

"ಇತ್ತಂತ್ರಿ."

"ಹೂಂ. ಗೊತ್ತಾದ ಮ್ಯಾಲ ಬಿಟ್ಟನೋ ಇಲ್ಲೋ?"

"ಗೊತ್ತಾದ ಮ್ಯಾಲೂ ಒಂದು ತುತ್ತು ತಿಂದ್ನಂತ್ರಿ. ಇಲ್ಲಂದ್ರ ಹೆಂಡ್ತಿ ತಿಂತಿದ್ಲಂತ."

ಅಯ್ಯನವರು ನಿಂತರು. ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

"ಮೂರು ವಾರದ್ದಕ್ಕ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜಿ ಮಾಡ್ಕೋ ಅನ್ನು ಅವಗ. ಕಡೀ ತುತ್ತಿಗೆ ಏನೂ ಬ್ಯಾಡ. ಮತ್ತ ತಮ್ಮಾ, ಆ ಗೆಳೆಯನ ಮನಿಗೆ ನಾ ಪ್ರಸಾದಕ್ಕ ಹೋಗೂ ದಿನ, ಹಿಂಡಿ ಅವನ ಕಣ್ಣ ಮುಂದ ಕುಟ್ಟಸಲಿ."

ಎರಡನೆಯ ಡಬ್ಬಿ ತರಿಸಲಿಲ್ಲ. ಮುಂದಿನ ತಿಂಗಳು ಗಾಣದ ಹಿಂಡಿ ತಿಂದ ಮೀನು ಬಾನಿಯ ಪಾಚಿಯ ತುಂಬ ಮೊಟ್ಟೆ ಇಟ್ಟವು. ಪಾಚಿಯನ್ನು ನಾನು ಮಣ್ಣಿನ ಹರವಿಗೆ ಹಾಕಿದೆ. ಮರಿಗೆ ಅವಳು ಪುಠಾಣಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿದಳು. ಕೆಲವು ವರ್ಷಗಳ ಮೇಲೆ ನಮ್ಮ ಕಡೆಯ ಹೊಸ ಕಾಲುವೆಗೆ ನೀರು ಬರುವ ಹೊತ್ತಿಗೆ ಮಸ್ಕಿಯ ಆ ಚಹಾದ ಅಂಗಡಿಯಲ್ಲೂ ನಮ್ಮ ಮೀನು ಇದ್ದವು. ಖರ್ಚು ಏನೂ ಇಲ್ಲ. ಎಲ್ಲರೂ ಅವಳ ಜಾಣತನ ಹೊಗಳಿದರು. ಅವಳಿಗೆ ಅದರಿಂದ ತೃಪ್ತಿಯಾಗಲಿಲ್ಲ.

ಪ್ರತಿ ವರ್ಷ ಹೊಸ ಶೇಂಗಾ ಬಂದು ಹಿಂಡಿ ಕುಟ್ಟುವಾಗ ಅವಳು ಕೇಳುತ್ತಿದ್ದಳು, "ಆ ಹೈದರಾಬಾದ ಡಬ್ಬಿ ಒಂದ ಸಲ ತರಸ್ರಿ. ಮೀನಿಗಲ್ಲ, ನನಗ. ನಾನೂ ರುಚಿ ನೋಡ್ತೀನಿ."

"ತುಟ್ಟಿ" ಎನ್ನುತ್ತಿದ್ದೆ ನಾನು. ಹಾಲಿ ಸಿಕ್ಕಾ ಹೋಯಿತು, ಕಲ್ದಾರ ಎನ್ನುವ ಮಾತೂ ಹೋಯಿತು, ನನ್ನ ಪಗಾರ ಏರಿತು, ಸ್ವಂತ ಅಂಗಡಿಯಾಯಿತು. ನಾನು ಮಾತ್ರ ತುಟ್ಟಿ ಎನ್ನುತ್ತಲೇ ಇದ್ದೆ. ಬೀಗರ ಮುಂದೆ, ನೆಂಟರ ಮುಂದೆ, "ನಮ್ಮವರು ಎಲ್ಲಾದ್ರಾಗ ಚಲೋ, ಆದ್ರ ಜುಗ್ಗ. ಎರಡು ರೂಪಾಯಿ ಡಬ್ಬಿ ಜಲ್ಮದಾಗ ತರಸಲಿಲ್ಲ" ಎಂದು ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ.

ಕೊನೆಯ ವಾರಗಳಲ್ಲಿ ಅವಳ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಗಂಜಿಯ ಬಟ್ಟಲು ಹಿಡಿದು ನಾನು ಕುಳಿತಿದ್ದೆ. ಅವಳು ಕಣ್ಣು ತೆರೆದು, "ಈಗರ ತರಸ್ತೀರೇನು ಅದನ್ನ?" ಎಂದಳು.

ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಅವಳ ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಹಾಗೇ ಇತ್ತು.

"ತುಟ್ಟಿ" ಅಂದೆ.

"ಜುಗ್ಗ" ಎಂದು ಅವಳು ನಕ್ಕು, ಗಂಜಿಗೆ ಬಾಯಿ ತೆರೆದಳು.