ಸೊಂಟದ ಹಗ್ಗ

ಮಗನ ಸಂಸಾರ ರಜೆಗೆಂದು ಕೆರಿಬಿಯನ್ ದ್ವೀಪವೊಂದಕ್ಕೆ ಹೋಗಿದೆ. ನಾನು ಗಲ್ಫಿನ ಅಬು ಹಲೀಫಾ ಊರಿನ ಮನೆಯಲ್ಲಿ ಕೂತು ಫೋನಿನ ವಿಡಿಯೋ ಕಾಲ್‌ನಲ್ಲಿ ಅವರನ್ನು ನೋಡುತ್ತಿದ್ದೆ. ದೋಣಿಯಾಟಕ್ಕೆ ಹೊರಟ ಮೊಮ್ಮಗ ಲೈಫ್ ಜಾಕೆಟ್ ಎಳೆದಾಡುತ್ತಾ, "ಅಜ್ಜಿ, ಟೂ ಟೈಟ್! ಪಪ್ಪನಿಗೆ ಹೇಳಿ," ಎಂದ.

ನಮ್ಮ ಬಾಲ್ಯದ ದ್ವೀಪವೆಂದರೆ ಹೊಳೆ ನಡುವಿನ ಕುದ್ರು. ನೀರಿಳಿದಾಗ ಅಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದೆವು. ಅಮ್ಮ ತಮ್ಮನನ್ನು ನನ್ನ ಸೊಂಟಕ್ಕೆ ಹಗ್ಗದಿಂದ ಕಟ್ಟಿ ಕಳಿಸುತ್ತಿದ್ದಳು. ಒಂದು ದಿನ ಅವನು, "ಅಕ್ಕಾ, ನೋಯ್ತದೆ, ಬಿಚ್ಚು ಮಾರಾಯ್ತಿ," ಎಂದ. ಬಿಚ್ಚಿದೆ. ಬುಟ್ಟಿ ತುಂಬಿದ ಮೇಲೆ ತಿರುಗಿ ನೋಡಿದರೆ ಅವನಿರಲಿಲ್ಲ.

ಸಂಜೆ ದೋಣಿಯವರು ಅವನ ಹೆಣ ತಂದರು. ಅಮ್ಮ ನನ್ನನ್ನು ಬೈಯಲಿಲ್ಲ. ಹಗ್ಗ ತೊಳೆದು ಬಾವಿಕಟ್ಟೆಯ ಮೇಲೆ ಒಣಹಾಕಿದಳು. ನಾನೂ ಅಳಲಿಲ್ಲ.

"ಬಿಚ್ಚಬೇಡ," ಎಂದೆ ಮೊಮ್ಮಗನಿಗೆ.

"ಯು ಆರ್ ಸೋ ಸ್ಟ್ರಿಕ್ಟ್, ಅಜ್ಜಿ!"

"ಹೌದು ಮಗಾ. ಇನ್ನೂ ಸ್ವಲ್ಪ ಬಿಗಿ ಮಾಡ್ಲಿಕ್ಕೆ ಹೇಳು ಪಪ್ಪನಿಗೆ."